ಗೋಡೆ ಎಷ್ಟು ಸಲ ತಡೆದೀತು? ಬಿರುಕುಗಳ ಬಗ್ಗೆ ಕಂಪ್ಯೂಟರ್ ಲೆಕ್ಕ



ನಮ್ಮ ಸಂಘಗಳಲ್ಲಿ ಸಾಲ ಕೇಳುವ ಕಾರಣಗಳನ್ನು ಬರೆದಿಟ್ಟುಕೊಂಡರೆ ಅದರಲ್ಲಿ ಮನೆಯ ವಿಷಯ ಬಂದೇ ಬರುತ್ತದೆ. ಒಬ್ಬರಿಗೆ ಒಂದು ಕೋಣೆ ಜಾಸ್ತಿ ಬೇಕು, ಇನ್ನೊಬ್ಬರಿಗೆ ಮಳೆಗಾಲದ ಮೊದಲು ಗೋಡೆಯ ಬಿರುಕು ಮುಚ್ಚಿಸಬೇಕು. ಬಿರುಕು ಮುಚ್ಚಿಸಲು ಸಾಲ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಈ ಗೋಡೆ ಒಂದು ಸಲ ಅಲುಗಾಡಿಯೂ ನಿಂತಿದೆ ನಿಜ, ಆದರೆ ಎರಡನೇ ಸಲ, ಹತ್ತನೇ ಸಲ ಅಲುಗಾಡಿದರೂ ನಿಲ್ಲುತ್ತದೆಯೇ?

ಇದು ಸುಮ್ಮನೆ ಹುಟ್ಟಿದ ಪ್ರಶ್ನೆ ಅಲ್ಲ. 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಭೂಮಿ ಒಂದಲ್ಲ, ಹಲವು ಸಲ ನಡುಗಿತು. ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿ ಹೊರಗೆ ಮಲಗಿದರು. 2022ರ ಜೂನ್-ಜುಲೈನಲ್ಲಿ ಕೊಡಗಿನ ಚೆಂಬು, ಸಂಪಾಜೆ, ದಕ್ಷಿಣ ಕನ್ನಡದ ಸುಳ್ಯದ ಕಡೆಯೂ ಹೀಗೇ ಆಯಿತು. ಎರಡೂ ಕಡೆ ಭೂಕಂಪ ಸಣ್ಣದೇ. ಆದರೆ ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಮನೆಯವರು ದೀಪ ಹಿಡಿದು ಗೋಡೆ ನೋಡಿದ್ದೇ ನೋಡಿದ್ದು.

ಈ ಪ್ರಶ್ನೆಗೆ ಇಂಜಿನಿಯರುಗಳು ಈಗ ಕಂಪ್ಯೂಟರಿನಲ್ಲಿ ಗೋಡೆ ಕಟ್ಟಿ, ಅಲ್ಲೇ ಅದನ್ನು ಅಲುಗಾಡಿಸಿ ಉತ್ತರ ಹುಡುಕುತ್ತಾರೆ. ಅದು ಹೇಗೆ, ಅದರಿಂದ ನಮಗೆ ತಿಳಿಯುವುದೇನು ಅಂತ ಈ ಸಲ ನೋಡೋಣ. ವಿಷಯ ಸ್ವಲ್ಪ ಹೊಸದು. ಆದರೆ ರಂಗೋಲಿ ಹಾಕುವವರಿಗೆ, ಪಾಸ್‌ಬುಕ್ ಬರೆಯುವವರಿಗೆ ಇದು ಕಷ್ಟವಾಗಲಾರದು.

ಇಟ್ಟಿಗೆ ಗಟ್ಟಿ, ಸಂದು ಮೆತ್ತಗೆ

ಮೊದಲು ಇಟ್ಟಿಗೆಯ ಸ್ವಭಾವ ತಿಳಿಯಬೇಕು. ಸರ್ಕಾರಿ ಮಾನದಂಡದಲ್ಲಿ ತೀರಾ ಕೆಳಗಿನ ದರ್ಜೆಯ ಸುಟ್ಟ ಇಟ್ಟಿಗೆಯೂ ಒಂದು ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಭಾರ ತಡೆಯಬೇಕು. ಒಂಬತ್ತು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಇಟ್ಟಿಗೆಗೆ ಲೆಕ್ಕ ಹಾಕಿದರೆ ಅದು ಸುಮಾರು 9 ಟನ್ ಆಗುತ್ತದೆ. ಒಂದೇ ಒಂದು ಇಟ್ಟಿಗೆ, ಲೋಡ್ ತುಂಬಿದ ಸಣ್ಣ ಲಾರಿಯಷ್ಟು ಭಾರ ಹೊರುತ್ತದೆ ಅಂದ ಹಾಗಾಯಿತು. ಮೇಲಿನಿಂದ ಬರುವ ಭಾರಕ್ಕೆ ಇಟ್ಟಿಗೆ ಗೋಡೆ ಹೆದರುವುದೇ ಇಲ್ಲ.

ಅದೇ ಎರಡು ಇಟ್ಟಿಗೆಗಳನ್ನು ಗಾರೆಯಿಂದ ಕೂಡಿಸಿ, ಒಣಗಿದ ಮೇಲೆ ಎಳೆದು ಬಿಡಿಸಲು ನೋಡಿ. ಹಳೆ ಮನೆ ಕೆಡವುವಾಗ ಇಟ್ಟಿಗೆ ಸ್ವಚ್ಛ ಮಾಡುವ ಕೆಲಸಕ್ಕೆ ಹೋದವರಿಗೆ ಇದು ಗೊತ್ತಿದೆ, ಒಂದು ಪೆಟ್ಟು ಸಾಕು. ಎಳೆತ ತಡೆಯುವ ಶಕ್ತಿ, ಭಾರ ತಡೆಯುವ ಶಕ್ತಿಯ ನೂರರಲ್ಲಿ ಕೆಲವೇ ಪಾಲು. ಹಾಗಾಗಿ ಗೋಡೆಯ ಆಯುಸ್ಸು ಇರುವುದು ಇಟ್ಟಿಗೆಯಲ್ಲಲ್ಲ, ಸಂದಿನಲ್ಲಿ.

ಭೂಕಂಪದಲ್ಲಿ ನೆಲ ಅಡ್ಡಡ್ಡಕ್ಕೆ ಹೋಗಿ ಬರುತ್ತದೆ. ಬಸ್ಸು ಒಮ್ಮೆಲೇ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರೆ, ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತಾರೆ. ಗೋಡೆಗೂ ಹಾಗೇ. ತನ್ನ ತೂಕವೇ ಅದನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯುತ್ತದೆ. ಗೋಡೆ ದಪ್ಪ ಮತ್ತು ಭಾರವಾದಷ್ಟೂ ಈ ಎಳೆತ ಹೆಚ್ಚು. ದಪ್ಪ ಗೋಡೆ ಅಂದರೆ ಭದ್ರ ಗೋಡೆ ಅನ್ನುವ ಮಾತು ಪೂರ್ತಿ ಸರಿಯಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರದ ಮಣ್ಣಿನ ಮಾಳಿಗೆ ಮೈಮೇಲೆ ಕುಸಿದು.

ಇನ್ನು, ಮತ್ತೆ ಮತ್ತೆ ಅನ್ನುವುದರ ವಿಷಯ. ಹಸು ಕಟ್ಟುವ ಗೂಟವನ್ನು ಕೀಳುವಾಗ ನೇರ ಎಳೆದರೆ ಬರುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುತ್ತೇವೆ. ಪ್ರತಿ ಸಲ ಹಾಕುವ ಬಲ ಅಷ್ಟೇ, ಆದರೆ ಕುಳಿ ಸ್ವಲ್ಪ ಸ್ವಲ್ಪ ಅಗಲವಾಗುತ್ತಾ ಕೊನೆಗೆ ಒಂದೇ ಕೈಯಲ್ಲಿ ಗೂಟ ಬಂದುಬಿಡುತ್ತದೆ. ಗೋಡೆಯ ಸಂದೂ ಹೀಗೇ ಸಡಿಲವಾಗುತ್ತದೆ.

ಇಟಲಿಯ ಎರಡು ಗೋಡೆಗಳು

ಕಂಪ್ಯೂಟರ್ ಹೇಳಿದ್ದು ಸರಿಯೋ ತಪ್ಪೋ ಅಂತ ನೋಡಲು ನಿಜವಾದ ಗೋಡೆ ಬೇಕು. ಈ ಕೆಲಸದಲ್ಲಿ ಇರುವವರೆಲ್ಲ ಇಂದಿಗೂ ಹೆಸರು ಹೇಳುವ ಎರಡು ಗೋಡೆಗಳಿವೆ. 1990ರ ದಶಕದಲ್ಲಿ ಇಟಲಿಯ ಇಸ್ಪ್ರಾ ಎಂಬ ಊರಿನಲ್ಲಿರುವ ಯುರೋಪಿನ ಸಂಶೋಧನಾ ಕೇಂದ್ರದಲ್ಲಿ ಅವನ್ನು ಕಟ್ಟಿದರು. ಒಂದೇ ಬಗೆಯ ಇಟ್ಟಿಗೆ, ಒಂದೇ ಗಾರೆ. ಎರಡರ ಅಗಲವೂ 1 ಮೀಟರ್, ದಪ್ಪ 25 ಸೆಂಟಿಮೀಟರ್. ಎತ್ತರ ಮಾತ್ರ ಬೇರೆ: ಒಂದು 1.35 ಮೀಟರ್, ಇನ್ನೊಂದು 2 ಮೀಟರ್. ಎರಡರ ತಲೆಯ ಮೇಲೂ ಒಂದೇ ಸಮ ಭಾರ ಹೇರಿ, ಮೇಲ್ತುದಿಯನ್ನು ಜಾಕಿಗಳಿಂದ ಎಡಕ್ಕೆ ಬಲಕ್ಕೆ ದೂಡಿದರು. ಮೊದಲು ಕೂದಲೆಳೆಯಷ್ಟು, ಆಮೇಲೆ ಸ್ವಲ್ಪ ಜಾಸ್ತಿ, ಆಮೇಲೆ ಇನ್ನೂ ಜಾಸ್ತಿ.

ಎತ್ತರದ ಗೋಡೆ ಏನು ಮಾಡಿತು? ಬಲಕ್ಕೆ ದೂಡಿದರೆ ಎಡ ಬುಡ ಸ್ವಲ್ಪ ಮೇಲೆದ್ದಿತು, ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೂತಿತು. ಎಡಕ್ಕೆ ದೂಡಿದರೆ ಬಲ ಬುಡ ಎದ್ದಿತು. ಕಾಲು ಸಮ ಇಲ್ಲದ ಬೀರು ತೂಗಾಡುವ ಹಾಗೆ. ಬಿರುಕು ಬುಡದ ಮತ್ತು ತಲೆಯ ಸಂದಿನಲ್ಲಿ ಬಿಟ್ಟು ಹೆಚ್ಚೇನೂ ಇಲ್ಲ.

ಗಿಡ್ಡ ಗೋಡೆಯ ಕಥೆ ಬೇರೆ. ಅಗಲಕ್ಕೆ ಹೋಲಿಸಿದರೆ ಗಿಡ್ಡ ಇರುವುದರಿಂದ ಅದು ಸುಲಭಕ್ಕೆ ಮಗುಚುವುದಿಲ್ಲ. ಮಗುಚಲಾಗದ ಗೋಡೆ ಓರೆಯಾಗಿ ಎಳೆಯಲ್ಪಡುತ್ತದೆ. ಹೊದಿಕೆ ಒಗೆದು ಎದುರು-ಬದುರು ಮೂಲೆ ಹಿಡಿದು ಜಗ್ಗಿದರೆ ಓರೆಗೆರೆ ಮೂಡುತ್ತದಲ್ಲ, ಹಾಗೆ. ಬಲಕ್ಕೆ ದೂಡಿದಾಗ ಒಂದು ಓರೆ ಬಿರುಕು, ಎಡಕ್ಕೆ ದೂಡಿದಾಗ ಅದಕ್ಕೆ ಅಡ್ಡವಾಗಿ ಇನ್ನೊಂದು. ಎರಡೂ ಸೇರಿ ಗೋಡೆಯ ಮೇಲೆ ದೊಡ್ಡ ಕತ್ತರಿ ಗುರುತು. ಆಮೇಲೆ ದೂಡಿದಷ್ಟೂ ಅದರ ತಡೆಯುವ ಬಲ ಇಳಿಯುತ್ತಾ ಹೋಯಿತು. ಭೂಕಂಪ ಆದ ಊರುಗಳಲ್ಲಿ ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಈ ಕತ್ತರಿ ಗುರುತು ಬೇಕಾದಷ್ಟು ಕಾಣಸಿಗುತ್ತದೆ.

ಒಂದು ಚೋದ್ಯ ಇದೆ. ಕತ್ತರಿ ಬಿರುಕು ಬಿಟ್ಟ ಗೋಡೆ, ಬಿರುಕಿನ ಎರಡು ಮುಖ ಒಂದಕ್ಕೊಂದು ತಿಕ್ಕಿಕೊಳ್ಳುವುದರಿಂದ, ಅಲುಗಾಟದ ಶಕ್ತಿಯನ್ನು ನುಂಗಿಹಾಕುತ್ತದೆ. ಬೀಸುವ ಕಲ್ಲು ತಿರುಗಿಸಿದಾಗ ಬಿಸಿಯಾಗುವುದಿಲ್ಲವೇ, ಅದೇ ಲೆಕ್ಕ. ತೂಗಾಡುವ ಗೋಡೆ ಹೆಚ್ಚು ನುಂಗುವುದಿಲ್ಲ, ಆದರೆ ಹೆಚ್ಚು ಕೆಡುವುದೂ ಇಲ್ಲ. ಯಾವುದು ಮೇಲು ಅಂತ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಎಷ್ಟು ಸಲ ಅಲುಗಾಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ.

ಚುಕ್ಕಿ ಇಟ್ಟು ಗೋಡೆ ಬರೆಯುವುದು

ಲೋಕದಲ್ಲಿರುವ ಎಲ್ಲ ಬಗೆಯ ಗೋಡೆಗಳನ್ನೂ ಕಟ್ಟಿ ಒಡೆದು ನೋಡಲು ಯಾರಿಂದಲೂ ಆಗದು. ಒಂದೊಂದಕ್ಕೂ ಹಣ ಬೇಕು, ತಿಂಗಳುಗಟ್ಟಲೆ ಸಮಯ ಬೇಕು. ಅದಕ್ಕೇ ಕಂಪ್ಯೂಟರ್.

ರಂಗೋಲಿಗೆ ಮೊದಲು ಚುಕ್ಕಿ ಇಡುತ್ತೇವೆ, ಆಮೇಲೆ ಗೆರೆ ಎಳೆದು ಕೂಡಿಸುತ್ತೇವೆ. ಕಂಪ್ಯೂಟರಿನಲ್ಲೂ ಗೋಡೆಯ ಚಿತ್ರದ ಮೇಲೆ ನೂರಾರು, ಸಾವಿರಾರು ಚುಕ್ಕಿ ಇಟ್ಟು ಸಣ್ಣ ಸಣ್ಣ ಮನೆಗಳಾಗಿ ಮಾಡುತ್ತಾರೆ. ಪ್ರತಿ ಮನೆಗೂ ಗುಣ ಬರೆಯುತ್ತಾರೆ: ಇಷ್ಟು ಒತ್ತಿದರೆ ಇಷ್ಟು ಕುಗ್ಗುತ್ತದೆ, ಇಷ್ಟು ಎಳೆದರೆ ಬಿಡುತ್ತದೆ, ಇಷ್ಟು ದೂಡಿದರೆ ಜಾರುತ್ತದೆ. ಆಮೇಲೆ ಮೇಲ್ತುದಿಯನ್ನು ಒಂದಿಷ್ಟೇ ಇಷ್ಟು ಸರಿಸಿ, ಪ್ರತಿ ಚುಕ್ಕಿಯೂ ಎಲ್ಲಿಗೆ ಹೋಯಿತು, ಪ್ರತಿ ಸಂದಿಗೂ ಎಷ್ಟು ಬಲ ಬಂತು ಅಂತ ಲೆಕ್ಕ ಮಾಡಿಸುತ್ತಾರೆ. ಯಾವುದಾದರೂ ಸಂದು ತಡೆಯಲಾರದೆ ಹೋದರೆ ಅದು ಬಿಟ್ಟಿತು ಅಂತ ಗುರುತು ಹಾಕಿ, ಅದು ಹೊತ್ತಿದ್ದ ಪಾಲನ್ನು ಅಕ್ಕಪಕ್ಕದ ಸಂದುಗಳಿಗೆ ಹಂಚಿ, ಮತ್ತೆ ಲೆಕ್ಕ. ಸಂಘದಲ್ಲಿ ಒಬ್ಬರು ಕಂತು ಕಟ್ಟದೆ ಹೋದರೆ ಭಾರ ಉಳಿದವರ ಮೇಲೆ ಬೀಳುತ್ತದಲ್ಲ, ಅದೇ ರೀತಿ. ಹಂಚಿದ ಭಾರ ತಾಳದೆ ಪಕ್ಕದ್ದೂ ಬಿಟ್ಟರೆ ಬಿರುಕು ಮುಂದಕ್ಕೆ ಓಡುತ್ತದೆ.

ಚುಕ್ಕಿ ಇಡುವುದರಲ್ಲಿ ಬೇರೆ ಬೇರೆ ಪದ್ಧತಿ ಇವೆ. ಇಟ್ಟಿಗೆ ಬೇರೆ, ಸಂದು ಬೇರೆ ಅಂತ ಒಂದೊಂದನ್ನೂ ಬರೆಯುವುದು ಒಂದು. ಪೋರ್ಚುಗಲ್‌ನ ಪಾವ್ಲೊ ಲೊರೆನ್ಸೊ 1996ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಮುಗಿಸಿದ ಸಂಶೋಧನೆ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಇದರಲ್ಲಿ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಆದರೆ ಒಂದು ಗೋಡೆಗೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಇಡೀ ಗೋಡೆಯನ್ನು ಒಂದು ಬಟ್ಟೆ ಅಂತ ತಿಳಿಯುವುದು ಇನ್ನೊಂದು ಪದ್ಧತಿ. ಸೀರೆಗೆ ಹಾಸಿನ ಕಡೆ ಒಂದು ಬಲ, ಹೊಕ್ಕಿನ ಕಡೆ ಇನ್ನೊಂದು ಬಲ ಇರುವ ಹಾಗೆ ಗೋಡೆಗೂ ಉದ್ದಕ್ಕೆ ಒಂದು, ನೆಟ್ಟಗೆ ಒಂದು ಬಲ ಕೊಡುತ್ತಾರೆ. ಪೂರ್ತಿ ಮನೆ ನೋಡಬೇಕಾದರೆ ಕಿಟಕಿ-ಬಾಗಿಲುಗಳ ನಡುವಿನ ಗೋಡೆಯನ್ನು ಒಂದೊಂದು ಕಂಬ ಅಂತ ತೆಗೆದುಕೊಳ್ಳುವ ಸುಲಭದ ದಾರಿಯೂ ಇದೆ.

ಗೋಡೆಗೂ ಒಂದು ಪಾಸ್‌ಬುಕ್

ಒಂದೇ ಸಲ ಒಂದೇ ಕಡೆಗೆ ದೂಡುವ ಲೆಕ್ಕ ಅಷ್ಟು ಕಷ್ಟ ಅಲ್ಲ. ಹೋಗಿ ಬಂದು, ಹೋಗಿ ಬಂದು ಮಾಡುವ ಲೆಕ್ಕವೇ ಕಷ್ಟ. ಯಾಕೆಂದರೆ ಕಂಪ್ಯೂಟರ್ ಪ್ರತಿ ಸಂದಿನ ಹಿಂದಿನ ಕಥೆ ನೆನಪಿಟ್ಟುಕೊಳ್ಳಬೇಕು.

ನಮ್ಮ ಪಾಸ್‌ಬುಕ್ಕಿನಲ್ಲಿ ಹಿಂದಿನ ಬಾಕಿ ನೋಡದೆ ಈ ವಾರದ ಲೆಕ್ಕ ಬರೆದರೆ ಏನಾಗುತ್ತದೆ? ಪುಸ್ತಕ ಚಂದ ಕಾಣುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಹಾಗೇ ಪ್ರತಿ ಸಂದಿಗೂ ಕಂಪ್ಯೂಟರ್ ಒಂದು ಖಾತೆ ಇಡುತ್ತದೆ. ಇದುವರೆಗೆ ಎಷ್ಟು ಕೆಟ್ಟಿದೆ ಅನ್ನುವುದು ಅದರಲ್ಲಿನ ಬಾಕಿ. ಈ ಬಾಕಿಗೆ ಒಂದು ವಿಚಿತ್ರ ನಿಯಮ ಇದೆ: ಏರಬಹುದು, ಇಳಿಯುವ ಹಾಗಿಲ್ಲ. ಒಮ್ಮೆ ಬಿಟ್ಟ ಗಾರೆ ತಾನಾಗಿ ಅಂಟಿಕೊಳ್ಳುವುದಿಲ್ಲವಲ್ಲ.

ಆದರೆ ಪೂರ್ತಿ ಹಾಗೂ ಅಲ್ಲ. ಬಿರುಕು ತೆರೆದು, ಗೋಡೆ ತಿರುಗಿ ಈ ಕಡೆ ಬಂದಾಗ ಅದೇ ಬಿರುಕು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಬಿರುಕು ಭಾರ ಹೊರುತ್ತದೆ, ಎಳೆತ ಮಾತ್ರ ತಡೆಯುವುದಿಲ್ಲ. ಮುರಿದ ಮಡಕೆಯ ಎರಡು ಚೂರು ಜೋಡಿಸಿ ಕೈಯಲ್ಲಿ ಒತ್ತಿ ಹಿಡಿದರೆ ನೀರೂ ಸೋರದ ಹಾಗೆ ಕೂರಬಹುದು, ಕೈ ಬಿಟ್ಟರೆ ಎರಡು ಚೂರು. ನಮ್ಮ ಮನೆಯ ಬಿರುಕುಗಳು ಮೋಸ ಮಾಡುವುದೂ ಇಲ್ಲೇ. ನೆಲ ನಡುಗುವಾಗ ಬೆರಳು ಹೋಗುವಷ್ಟು ತೆರೆದ ಬಿರುಕು, ನಿಂತ ಮೇಲೆ ಗೆರೆಯಷ್ಟೇ ಕಾಣಬಹುದು. ಅದರ ಮೇಲೆ ಪ್ಲಾಸ್ಟರ್ ಬಳಿದು ಸುಣ್ಣ ಹೊಡೆದರೆ ಕಣ್ಣಿಗೆ ಗೋಡೆ ಹೊಸದು. ಅದರ ಖಾತೆಯಲ್ಲಿನ ಬಾಕಿ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಸಾಲ ಮಾಡಿ ಬರೀ ಪ್ಲಾಸ್ಟರ್ ಮಾಡಿಸುವುದಕ್ಕೆ ನಮ್ಮ ತಕರಾರು ಇರುವುದು ಇದಕ್ಕೇ.

ಈ ನೆನಪಿನ ಲೆಕ್ಕವನ್ನು ಸರಿಯಾಗಿ ಬರೆದಾಗ ಮಾತ್ರ ಕಂಪ್ಯೂಟರಿನ ಗಿಡ್ಡ ಗೋಡೆ ಇಸ್ಪ್ರಾದ ಗಿಡ್ಡ ಗೋಡೆಯ ಹಾಗೆ ಕತ್ತರಿ ಬಿರುಕು ಬಿಡುತ್ತದೆ, ಎತ್ತರದ ಗೋಡೆ ತೂಗಾಡುತ್ತದೆ.

ಗ್ಯಾಸ್ ತೆಗೆದ ಊರಿನಲ್ಲಿ

ಸಣ್ಣ ಸಣ್ಣ ಭೂಕಂಪ ಮತ್ತೆ ಮತ್ತೆ ಬಂದರೆ ಏನಾಗುತ್ತದೆ ಅಂತ ಇಡೀ ಒಂದು ಸೀಮೆಯ ಜನ ಅನುಭವಿಸಿದ್ದಾರೆ. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ನೆಲದಡಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು. 1963ರಿಂದ ತೆಗೆಯತೊಡಗಿದರು. ಗ್ಯಾಸ್ ಖಾಲಿಯಾದ ಹಾಗೆ ಕೆಳಗಿನ ಪದರ ಕುಗ್ಗಿ ನೆಲ ನಡುಗತೊಡಗಿತು. 2012ರ ಆಗಸ್ಟ್ 16ರಂದು ಹೌಸಿಂಗೆ ಎಂಬ ಹಳ್ಳಿಯ ಬಳಿ ಆದದ್ದು ಅಲ್ಲಿನ ಅತಿ ದೊಡ್ಡದು, ಅದೂ 3.6 ತೀವ್ರತೆ ಅಷ್ಟೇ. ಆದರೆ ಅಲ್ಲಿನ ಮನೆಗಳು ಇಟ್ಟಿಗೆಯವು, ಭೂಕಂಪದ ಯೋಚನೆಯೇ ಇಲ್ಲದೆ ಕಟ್ಟಿದವು.

ಜನರ ಗೋಡೆ ಬಿರುಕು ಬಿಟ್ಟಿತು. ಪರಿಹಾರ ಕೇಳಿದಾಗ ಜಗಳ ಶುರು. ಈ ಬಿರುಕು ಭೂಕಂಪದ್ದೋ, ಪಾಯ ಕುಸಿದು ಮೊದಲೇ ಇದ್ದದ್ದೋ? ಬಡಪಾಯಿ ಮನೆಯವರು ಅದನ್ನು ಹೇಗೆ ಸಾಬೀತು ಮಾಡಬೇಕು? ಕೊನೆಗೆ ಅಲ್ಲಿನ ಕಾನೂನೇ ಬದಲಾಯಿತು. ಗ್ಯಾಸ್ ತೆಗೆದದ್ದರಿಂದ ಬಿರುಕು ಬಂದಿಲ್ಲ ಅಂತ ತೋರಿಸುವ ಹೊಣೆ ಕಂಪನಿಯ ಮೇಲೇ ಬಿತ್ತು. ಈ ಜಗಳದ ನಡುವೆ ಕಂಪ್ಯೂಟರ್ ಗೋಡೆಗಳಿಗೆ ಎಂದಿಲ್ಲದ ಬೇಡಿಕೆ ಬಂತು. ಲೆಕ್ಕ ಸರಿಯೋ ನೋಡಲು 2015ರಲ್ಲಿ ಇಟಲಿಯ ಪಾವಿಯಾದಲ್ಲಿ ಗ್ರೋನಿಂಗೆನ್ ನಮೂನೆಯ ಎರಡಂತಸ್ತಿನ ಮನೆಯನ್ನೇ ನಿಜ ಅಳತೆಯಲ್ಲಿ ಕಟ್ಟಿ, ಅಲುಗಾಡುವ ವೇದಿಕೆಯ ಮೇಲೆ ಹಂತ ಹಂತವಾಗಿ ಜೋರು ಮಾಡುತ್ತಾ ಅಲುಗಾಡಿಸಿದರು. ಡೆಲ್ಫ್ಟ್‌ನವರು ಸಣ್ಣ ಬಲಗಳ ಕಡೆ ಗಮನ ಕೊಟ್ಟರು. ಒಂದೇ ಬಲವನ್ನು ಗೋಡೆಗೆ ಮತ್ತೆ ಮತ್ತೆ ಕೊಟ್ಟು, ಕೂದಲೆಳೆ ಬಿರುಕನ್ನು ಕ್ಯಾಮೆರಾದಿಂದ ಅಳೆದರು. ಬಲ ಹೆಚ್ಚಾಗದಿದ್ದರೂ ಬಿರುಕು ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತಿತ್ತು. ಗೂಟದ ಕುಳಿಯ ಮಾತು ನೆನಪಿದೆಯಲ್ಲ. 2023ರ ಅಕ್ಟೋಬರಿನಲ್ಲಿ ಅಲ್ಲಿ ಗ್ಯಾಸ್ ತೆಗೆಯುವುದು ನಿಂತಿತು, 2024ರಲ್ಲಿ ಕಾಯಂ ಆಗಿ ಮುಚ್ಚಿಬಿಟ್ಟರು.

ಕಂಪ್ಯೂಟರಿಗೆ ಗೊತ್ತಿಲ್ಲದ್ದು

ಕಂಪ್ಯೂಟರ್ ಹೇಳಿತು ಅಂದ ಕೂಡಲೇ ನಂಬುವುದೂ ಬೇಡ. ನಾವು ಕೊಟ್ಟ ಗೋಡೆಯ ಲೆಕ್ಕವನ್ನು ಅದು ಹೇಳುತ್ತದೆ, ನಿಜವಾಗಿ ನಿಂತ ಗೋಡೆಯದ್ದಲ್ಲ. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸದೆ ಒಣದಾಗಿ ಇಟ್ಟರೆ ಅದು ಗಾರೆಯ ನೀರನ್ನು ಹೀರಿ ಸಂದನ್ನು ಪುಡಿ ಮಾಡುತ್ತದೆ. ನೆಟ್ಟನೆಯ ಸಂದುಗಳಿಗೆ ಗಾರೆ ತುಂಬದೆ ಮೇಲೆ ಮಾತ್ರ ಬಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಮೂರು ದಿನ ನೀರು ಹಾಕಿ ನಾಲ್ಕನೇ ದಿನ ಬಿಟ್ಟದ್ದು ಕಂಪ್ಯೂಟರಿಗೆ ಯಾರು ಹೇಳುತ್ತಾರೆ? ಗಾರೆ ಕೆಲಸಕ್ಕೆ ಹೋಗುವ ನಮ್ಮ ಸದಸ್ಯೆಯರಿಗೇ ಇದು ಇಂಜಿನಿಯರಿಗಿಂತ ಚೆನ್ನಾಗಿ ಗೊತ್ತು. ಇಟ್ಟಿಗೆ ನೆನೆಸುವುದು, ನೀರು ಹಾಕುವುದು ಹೆಚ್ಚಾಗಿ ಅವರ ಕೈಯಲ್ಲೇ ನಡೆಯುವ ಕೆಲಸ. ಕೂಲಿ ಕಡಿಮೆ ಕೊಟ್ಟು ಸಣ್ಣ ಕೆಲಸ ಅನ್ನುತ್ತಾರೆ. ಸಂದಿನ ಬಲ ನಿಂತಿರುವುದೇ ಅದರ ಮೇಲೆ.

ಇನ್ನೊಂದು ಮಾತು. ಇಷ್ಟು ಹೊತ್ತು ಹೇಳಿದ್ದು ಗೋಡೆಯನ್ನು ಅದರ ಉದ್ದಕ್ಕೆ ದೂಡುವುದರ ಬಗ್ಗೆ. ಅಡ್ಡಕ್ಕೆ, ಅಂದರೆ ದಪ್ಪದ ಕಡೆಯಿಂದ ದೂಡಿದರೆ ಗೋಡೆ ಇನ್ನೂ ಬಡವ. ನೆಟ್ಟಗೆ ನಿಲ್ಲಿಸಿದ ಪುಸ್ತಕವನ್ನು ಬೆರಳಲ್ಲಿ ತಳ್ಳಿದ ಹಾಗೆ ಬೀಳುತ್ತದೆ. ಅದು ಬೀಳದ ಹಾಗೆ ಹಿಡಿಯುವುದು ಮೂಲೆಯಲ್ಲಿ ಸೇರುವ ಅಡ್ಡಗೋಡೆ ಮತ್ತು ಸುತ್ತ ಹಾಕಿದ ಬೆಲ್ಟ್. ಹುಲ್ಲಿನ ಹೊರೆಗೆ ಹಗ್ಗ ಕಟ್ಟಿದ ಹಾಗೆ ಬೆಲ್ಟ್ ನಾಲ್ಕೂ ಗೋಡೆಯನ್ನು ಸುತ್ತಬೇಕು. ಬಾಗಿಲು-ಕಿಟಕಿಯ ಮೇಲೆ ಮಾತ್ರ ತುಂಡು ತುಂಡಾಗಿ ಲಿಂಟಲ್ ಹಾಕಿದರೆ ಅದು ಬೆಲ್ಟ್ ಅಲ್ಲ. ಐಎಸ್ 4326 ಎಂಬ ಮಾನದಂಡದ ಪ್ರಕಾರ ಎರಡು ಕಂಬಿಯ ಬೆಲ್ಟ್ ಕನಿಷ್ಠ 75 ಮಿಲಿಮೀಟರ್, ಅಂದರೆ ಮೂರು ಇಂಚು ದಪ್ಪ ಇರಬೇಕು. ಕಂಬಿ ಮೂಲೆಯಲ್ಲಿ ನಿಲ್ಲದೆ ತಿರುಗಿ ಪಕ್ಕದ ಗೋಡೆಗೆ ಹೋಗಬೇಕು. 2001ರ ಜನವರಿ 26ರ ಭುಜ್ ಭೂಕಂಪದ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಅಲ್ಲಿ ಇಟ್ಟಿಗೆ, ಕಲ್ಲಿನ ಮನೆಗಳು ಹೇಗೆ ಕೆಟ್ಟವು ಅಂತ ಅಧ್ಯಯನ ಮಾಡಿದರು. ಬೆಲ್ಟಿನ ಜೊತೆಗೆ ಗೋಡೆಯ ಒಳಮೈ ಹೊರಮೈ ಎರಡಕ್ಕೂ ನೆಟ್ಟಗೆ ಕಂಬಿ ಕೊಟ್ಟು, ನಡುವೆ ಕೊಂಡಿ ಹಾಕಿ ಬಿಗಿಯುವ ದಾರಿ ತೋರಿಸಿದರು. ಮನೆಯ ಮಾದರಿ ಕಟ್ಟಿ, ಪೆಟ್ಟು ಕೊಡುವ ವೇದಿಕೆಯ ಮೇಲೆ ಪರೀಕ್ಷಿಸಿಯೂ ನೋಡಿದರು. ಗೋಡೆ ಬಾಗಿದರೂ ಒಮ್ಮೆಲೇ ಕುಸಿಯಬಾರದು, ಒಳಗಿದ್ದವರಿಗೆ ಹೊರಗೆ ಓಡಲು ಸಮಯ ಸಿಗಬೇಕು ಅನ್ನುವುದೇ ಇದರ ಉದ್ದೇಶ.

ಬಿರುಕು ಓದುವುದು ಹೇಗೆ?

ಪ್ಲಾಸ್ಟರಿನ ಮೇಲೆ ಜೇಡರಬಲೆಯ ಹಾಗೆ ಹರಡಿದ ಸಣ್ಣ ಗೆರೆಗಳು ಸಾಮಾನ್ಯವಾಗಿ ಪ್ಲಾಸ್ಟರಿನವೇ, ಅದಕ್ಕೆ ಸಾಲ ಮಾಡಬೇಕಿಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗುವ ಬಿರುಕು ಸಂದಿನದ್ದು, ಅದನ್ನು ಗಮನಿಸಬೇಕು. ಕತ್ತರಿ ಗುರುತಾದರೆ ತಡ ಮಾಡಬಾರದು. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಬಂದ ನೆಟ್ಟನೆಯ ಬಿರುಕಿಗೆ. ಅಲ್ಲಿ ಒಂದು ಗೋಡೆ ಇನ್ನೊಂದರ ಕೈ ಬಿಟ್ಟಿದೆ ಅಂತ ಅರ್ಥ.

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಕಂಪ್ಯೂಟರ್ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಎಡಕ್ಕೊಂದು ಬಲಕ್ಕೊಂದು ಚುಕ್ಕಿ ಇಟ್ಟು, ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಅದನ್ನೂ ಬರೆದಿಡಿ. ತಿಂಗಳಿಗೊಮ್ಮೆ, ಮತ್ತು ನೆಲ ನಡುಗಿದ ಮಾರನೇ ದಿನ, ಮತ್ತೆ ಅಳೆಯಿರಿ. ಸಂಘದ ತಿಂಗಳ ಸಭೆಯ ದಿನವೇ ಇಟ್ಟುಕೊಂಡರೆ ಮರೆಯುವುದಿಲ್ಲ. ಅಳತೆ ಮುಂದಕ್ಕೆ ಹೋಗುತ್ತಿದ್ದರೆ, ಅಥವಾ ಮೂಲೆಯ ಬಿರುಕು ಕಂಡರೆ, ಆ ಗೋಡೆಯ ಬುಡದಲ್ಲಿ ಯಾರೂ ಮಲಗದ ಹಾಗೆ ನೋಡಿಕೊಂಡು ಪಂಚಾಯತಿಯ ಇಂಜಿನಿಯರಿಗೋ ನಿಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರಕ್ಕೋ ತಿಳಿಸಿ. ಹೋಗುವಾಗ ತಾರೀಕು, ಅಳತೆ ಬರೆದಿಟ್ಟ ಚೀಟಿಯನ್ನೂ ಜೊತೆಗೆ ಒಯ್ಯಿರಿ.